ಗೋಡೆಗೇರಿದ ಅತಿಥಿ ಪಾತ್ರ

ಕಾಗದ ನೋಡಿ ಗಟ್ಟಿಯಾಗಿ ಓದುವುದಕ್ಕಿಂತ ಸುಲಭವಾದ ಕೆಲಸ ಈ ಭೂಮಿಯ ಮೇಲೆ ಇಲ್ಲ ಎಂದು ನಾನು ನಂಬಿದ್ದೆ. ಪುಣೆಯ ಖಡಕಿಯ ಒಂದು ಸರಕಾರಿ ಮದ್ದುಗುಂಡಿನ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತು, ಬಂದ ಸಾಮಾನಿನ ಪಟ್ಟಿಯನ್ನು ಒಂದಕ್ಷರ ಬಿಡದೆ ಓದಿ ಹೇಳಿದವನು ನಾನು. ನನ್ನ ಓದಿನಿಂದ ಒಂದು ಮೊಳೆಯೂ ಕಳೆದುಹೋಗಿರಲಿಲ್ಲ. ಅಂಥವನ ಬಾಯಿಂದ ಒಂದು ಹಳ್ಳಿಯೇ ಸುಟ್ಟುಹೋಗುತ್ತದೆ ಎಂದು ಯಾರು ತಾನೇ ಊಹಿಸಿಯಾರು?

ನನ್ನ ಅಡ್ಡಹೆಸರು ಬಾಗೇವಾಡಿ. ಖಡಕಿಯ ಜನ ಅದಕ್ಕೆ ಪ್ರೀತಿಯಿಂದ ಒಂದು ‘ಕರ್’ ಅಂಟಿಸಿ ಬಾಗೇವಾಡಿಕರ್ ಮಾಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ. ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ಕನ್ನಡ. ಆ ಕನ್ನಡವನ್ನು ಆಡುವವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಸುಮಿತ್ರಾ. ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಜ್ವರದ ನೆಪದಲ್ಲಿ ಅವಳು ಹೋಗಿಬಿಟ್ಟಳು. ಆಮೇಲಿನ ಎರಡು ವರ್ಷ ನನ್ನ ಮನೆಯಲ್ಲಿ ಕನ್ನಡ ಕೇಳಿಸಿಕೊಂಡದ್ದು ಸೀಮೆಎಣ್ಣೆಯ ಸ್ಟೋವ್ ಒಂದೇ. ಅದು ಹೊತ್ತಿಕೊಳ್ಳದಿದ್ದಾಗ ನಾನು ಮನಸಾರೆ ಬೈಯುತ್ತಿದ್ದೆ.

ಹೊಟ್ಟೆಯ ಹಸಿವನ್ನು ಖಾನಾವಳಿ ನೋಡಿಕೊಳ್ಳುತ್ತಿತ್ತು. ಮಾತಿನ ಹಸಿವಿಗೆ ಖಾನಾವಳಿ ಇರಲಿಲ್ಲ. ಭಾನುವಾರ ಬಂತೆಂದರೆ ಎರಡು ಬಸ್ಸು ಬದಲಿಸಿ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿದ್ದೆ. ಅಲ್ಲಿ ಕಲಬುರ್ಗಿ ಕಡೆಯ ಹಮಾಲರು ಚೀಲ ಹೊರುತ್ತ ಕನ್ನಡದಲ್ಲಿ ಜಗಳವಾಡುತ್ತಿದ್ದರು. ನಾನು ಒಂದು ಮೂಲೆಯಲ್ಲಿ ನಿಂತು ಕೇಳುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, ಬೆನ್ನ ಮೇಲೆ ಚೀಲ ಹೊತ್ತವನನ್ನೇ ನಿಲ್ಲಿಸಿ, “ನಿಮ್ಮ ಕಡೆ ಮಳಿ ಆತೇನ್ರಿ?” ಎಂದು ಕೇಳಿದೆ.

“ಹೊತ್ತು ಗೊತ್ತು ಅದ ಏನೋ ನಿನಗ? ಸರಿ ಆ ಕಡೆ!” ಎಂದ.

ಬೈದದ್ದು ಕನ್ನಡದಲ್ಲಿ. ಆ ವಾರವೆಲ್ಲ ಅದೇ ನನಗೆ ಸಾಕಾಯಿತು.

ಮಾರ್ಕೆಟ್ಟಿಗೆ ಹೋಗಿ ಬರಿಗೈಯಲ್ಲಿ ಬರುವುದು ಹೇಗೆ? ನಾನೊಬ್ಬನೇ ಇರುವ ಮನೆಗೆ ವಾರಕ್ಕೆ ಐದು ಕಿಲೋ ಉಳ್ಳಾಗಡ್ಡಿ ಬರತೊಡಗಿತು. ಅವು ಅಡುಗೆಮನೆಯ ಮೂಲೆಯಲ್ಲಿ ಮೊಳಕೆ ಒಡೆದು, ಹಸಿರು ಬಾಲ ಬಿಟ್ಟುಕೊಂಡು ನಿಂತಿರುತ್ತಿದ್ದವು. ಪಕ್ಕದ ಮನೆಯ ಶಿಂದೆ ವಹಿನಿ ಅವನ್ನು ನೋಡಿ, ಗಂಡಸು ದುಃಖದಲ್ಲಿ ಒಕ್ಕಲುತನಕ್ಕೆ ಇಳಿದಿದ್ದಾನೆ ಎಂದು ತಿಳಿದಿದ್ದರು.

ಆ ಶಿಂದೆ ವಹಿನಿಯ ಗಂಡ ಶಿಂದೆ ಭಾವೂ ಜೀಪುಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ಮುಳಾ ನದಿಯ ದಂಡೆಯ ಬಯಲಿನಲ್ಲಿ ಆಗ ಯುದ್ಧದ ಕಥೆಯ ಒಂದು ಹಿಂದಿ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಭಾವೂನ ಜೀಪುಗಳು ಅಲ್ಲಿ ಹಸಿರು ಬಣ್ಣ ಬಳಿದುಕೊಂಡು ಸೈನ್ಯಕ್ಕೆ ಸೇರಿದ್ದವು. ಒಂದು ಸಂಜೆ ಭಾವೂ ನನ್ನ ಬಾಗಿಲಲ್ಲಿ ನಿಂತು, “ಬಾಗೇವಾಡಿಕರ್, ತುಮ್ಹಾಲಾ ಕಾನಡಿ ವಾಚತಾ ಯೇತ ಕಾ?” ಎಂದರು. ಕನ್ನಡ ಓದಲು ಬರುತ್ತದೆಯೇ ಎಂದು! ಹಂಸಕ್ಕೆ ಈಜು ಬರುತ್ತದೆಯೇ ಎಂದು ಕೇಳಿದ ಹಾಗಿತ್ತು. ಬರುತ್ತದೆ ಎಂದು ವಿನಯದಿಂದ ಒಪ್ಪಿಕೊಂಡೆ.

ವಿಷಯ ಇಷ್ಟು. ಒಂದು ಕಂತಿನಲ್ಲಿ ಸೈನಿಕನ ತಾಯಿಯ ಅತಿಥಿ ಪಾತ್ರವಿತ್ತು. ಅದಕ್ಕೆ ಕನ್ನಡದ ಹಳೆಯ ನಾಯಕನಟಿಯೊಬ್ಬರು ಬರುವವರಿದ್ದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ಮಾತು ಹೇಳಿಕೊಡುವ ಸಹಾಯಕಿ ಬೆಂಗಳೂರಿನಲ್ಲೇ ಕಾಯಿಲೆ ಬಿದ್ದಿದ್ದಾಳೆ. ಹಿಂದಿ ಸಂಭಾಷಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟು, ಮರೆಯಲ್ಲಿ ಕುಳಿತು ಹೇಳಿಕೊಡುವವರು ಬೇಕಾಗಿದ್ದಾರೆ.

“ಯಾರು ಬರತಾರ?” ಎಂದು ಮರಾಠಿಯಲ್ಲಿ ಕೇಳುವುದನ್ನು ಮರೆತು ಕನ್ನಡದಲ್ಲೇ ಕೇಳಿದೆ. ಭಾವೂ ಜೇಬಿನಿಂದ ಚೀಟಿ ತೆಗೆದು, ಎಡವುತ್ತ ಎಡವುತ್ತ ಹೆಸರು ಓದಿದರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಅವರಿಗೆ ಆದದ್ದು ಈಗಾಗಲೇ ಸಾಕಷ್ಟಿದೆ.

ಸುಮಿತ್ರಾ ಆಕೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ನಮ್ಮಾಕಿ’ ಎನ್ನುತ್ತಿದ್ದಳು. ಮದುವೆಗೆ ಮುಂಚೆ ವಿಜಯಪುರದ ಟಾಕೀಸುಗಳಲ್ಲಿ ಆಕೆಯ ಒಂದೊಂದು ಚಿತ್ರವನ್ನೂ ನಾಲ್ಕು ನಾಲ್ಕು ಸಲ ನೋಡಿದ್ದವಳು. ಪುಣೆಗೆ ಬಂದ ಮೇಲೆ ಕನ್ನಡ ಚಿತ್ರ ಎಲ್ಲಿಂದ ಬರಬೇಕು? ರೊಟ್ಟಿ ಬಡಿಯುತ್ತ ಆ ಕಥೆಗಳನ್ನೆಲ್ಲ ನನಗೆ ಹೇಳುತ್ತಿದ್ದಳು. “ಬ್ಯಾರೇದವ್ರು ಅಳೂದು ಅಳೂದಲ್ಲರಿ. ನಮ್ಮಾಕಿ ಅಳಾಕ್ಹತ್ತಿದ್ರ ಖರೇನ ಅಳ್ತಾಳ,” ಎಂದು ವಾದಿಸುತ್ತಿದ್ದಳು. ನಾನು ಅದೆಲ್ಲ ಗ್ಲಿಸರಿನ್ ಎನ್ನುತ್ತಿದ್ದೆ. ಅವತ್ತು ರೊಟ್ಟಿ ಸುಟ್ಟಿರುತ್ತಿತ್ತು.

ಅಂದು ಉಳ್ಳಾಗಡ್ಡಿ ಚೀಲದ ಮೇಲೆ ಕುಳಿತು ನಿಶ್ಚಯ ಮಾಡಿದೆ. ಆಕೆಯ ಮುಂದೆ ನಿಂತು, ಸುಮಿತ್ರಾ ಎಂಬವಳು ಒಬ್ಬಳಿದ್ದಳು ಎಂದು ಹೇಳಬೇಕು. ಬೇರೆ ಏನೂ ಬೇಡ. ಅವಳನ್ನು ನೆನೆದು ಕನ್ನಡದಲ್ಲಿ ಮಾತಾಡಲು ಪುಣೆಯಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ.

ಚಿತ್ರೀಕರಣದ ದಿನ ಮದುವೆಯ ಕೋಟು ತೆಗೆದು ಹಾಕಿಕೊಂಡೆ. ಟ್ರಂಕಿನಲ್ಲಿ ಅದು ವರ್ಷಗಟ್ಟಲೆ ಡಾಂಬರು ಗುಳಿಗೆಗಳ ಸಹವಾಸದಲ್ಲಿತ್ತು. ಬಯಲಿಗೆ ಹೋಗಿ, ಬಿಳಿ ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದ ಮೇಡಂ ಅವರಿಗೆ ಬಾಗಿ ನಮಸ್ಕಾರ ಮಾಡಿದೆ. ಆಕೆ ನನ್ನನ್ನು ನೋಡಿ ಬಾಯಿ ತೆರೆದರು. ಸೀನಿದರು. ಮತ್ತೆ ತೆರೆದರು. ಮತ್ತೆ ಸೀನಿದರು. ನಾಲ್ಕನೆಯ ಸೀನಿಗೆ ಮೇಕಪ್ಪಿನವನು ಓಡಿ ಬಂದು ನನ್ನ ಕೋಟು ಬಿಚ್ಚಿಸಿ ದೂರದ ಜಾಲಿ ಮರಕ್ಕೆ ನೇತುಹಾಕಿದ. ಯುದ್ಧದ ಮೊದಲ ವಿಷಾನಿಲ ದಾಳಿ ಹೀಗೆ ನನ್ನಿಂದಲೇ ಆಯಿತು!

“ತಪ್ಪಾತ್ರಿ ಮೇಡಂ. ಅದರಾಗ ಗುಳಿಗಿ ಭಾಳ ಇದ್ದವು,” ಎಂದೆ.

ಆಕೆಯ ಮುಖ ಅರಳಿತು. “ಅಯ್ಯೋ, ಮರಾಠಿಯವರಾಗಿ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ! ಎಲ್ಲಿ ಕಲಿತ್ರಿ?”

ಎರಡು ವರ್ಷದ ಮೇಲೆ ಒಬ್ಬರು ನನ್ನ ಜೊತೆ ಕನ್ನಡದಲ್ಲಿ ಎದುರುಬದುರು ಮಾತಾಡಿದರೆ, ಅದು ಹೀಗೆ! “ಮನ್ಯಾಗ ಕಲ್ತೇನ್ರಿ,” ಎಂದೆ. ಇದಕ್ಕಿಂತ ಸತ್ಯವಾದ ಉತ್ತರ ನನ್ನಲ್ಲಿ ಇರಲಿಲ್ಲ. ಸುಮಿತ್ರಾಳ ವಿಷಯ ಎತ್ತಬೇಕು ಎನ್ನುವಷ್ಟರಲ್ಲಿ ಆಕೆ ಮೆಲ್ಲಗೆ, “ನೋಡಿ, ಹದಿನಾಲ್ಕು ವರ್ಷ ಆಯ್ತು ನಾನು ಕ್ಯಾಮೆರಾ ಮುಂದೆ ನಿಂತು. ಮರೆತೇ ಹೋಗಿದ್ದಾರೆ ಅಂದ್ಕೊಂಡಿದ್ದೆ. ಈ ಒಂದು ದೃಶ್ಯ ಚೆನ್ನಾಗಿ ಬರಬೇಕು. ಕೈ ಬಿಡಬೇಡಿ ಆಯ್ತಾ?” ಎಂದರು. ಪ್ರಾಣ ಹೋದರೂ ಕೈ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಸುಮಿತ್ರಾಳ ಸುದ್ದಿ ಚಿತ್ರೀಕರಣ ಮುಗಿದ ಮೇಲೆ ಹೇಳಿದರಾಯಿತು.

ಸಂಭಾಷಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದೆ. ಬರೆಯುವಾಗ ಒಂದೆರಡು ಕಡೆ ಹಿಂದಿ ಸ್ವಲ್ಪ ಬಿಗಿಯಾಗಿದೆ ಅನ್ನಿಸಿತು. ಸಡಿಲ ಮಾಡಿದೆ. “ಮುಝೇ ಮೇರೇ ಬೇಟೇ ಕೀ ಚಿಟ್ಠಿ ಚಾಹಿಯೇ”, ನನಗೆ ನನ್ನ ಮಗನ ಪತ್ರ ಬೇಕು, ಎಂದಿತ್ತು. ನಮ್ಮ ವಿಜಯಪುರದ ಕಡೆ ಹಿಂದಿಯನ್ನು ಯಾರೂ ಹೀಗೆ ಕಷ್ಟಪಟ್ಟು ಆಡುವುದಿಲ್ಲ. ಮೊದಲ ತಾಲೀಮಿನಲ್ಲಿ ಗಡಿನಾಡಿನ ಆ ದುಃಖತಪ್ತ ತಾಯಿ ಆಕಾಶಕ್ಕೆ ಕೈ ಎತ್ತಿ, “ಮೇರೇಕು ಮೇರೇ ಬೇಟೇಕಾ ಚಿಟ್ಠಿ ಹೋನಾ!” ಎಂದು ಆರ್ತಳಾಗಿ ಕೂಗಿದಳು.

ನಿರ್ದೇಶಕರು ಇದ್ದಲ್ಲೇ ಕುಳಿತುಬಿಟ್ಟರು. ಆಮೇಲೆ ಎದ್ದು ಬಂದು ನನ್ನ ಕಾಗದವನ್ನು ಪರೀಕ್ಷಿಸಿದರು. ಒಂದಕ್ಷರವೂ ಅರ್ಥವಾಗದ್ದರಿಂದ ಅವರಿಗೆ ಇನ್ನಷ್ಟು ಭಯವಾಯಿತು. ಮುಂದೆ ಬರೆದದ್ದನ್ನು ಬಿಟ್ಟು ಒಂದು ಶಬ್ದವನ್ನೂ ಆಡಬಾರದು ಎಂದು ನನಗೆ ಲಿಖಿತದಷ್ಟೇ ಗಂಭೀರವಾದ ಮೌಖಿಕ ಎಚ್ಚರಿಕೆ ಕೊಟ್ಟರು. ನಾನು ಒಪ್ಪಿ ತಿದ್ದಿ ಬರೆದೆ.

ದೃಶ್ಯ ಹೀಗಿತ್ತು. ಬಿದಿರು, ಹುಲ್ಲುಗಳಿಂದ ಕಟ್ಟಿದ ಮೂರು ಗುಡಿಸಲುಗಳು, ಅದೇ ಹಳ್ಳಿ. ತಾಯಿ ಮಗನ ಪತ್ರಕ್ಕಾಗಿ ಕಾಯುತ್ತ ಬಾವಿಯ ಹತ್ತಿರ ಬಂದು ಮಾತಾಡುತ್ತಾಳೆ. ಮಾತು ಮುಗಿದ ಕೂಡಲೇ ಹಿಂದೆ ಹಳ್ಳಿಯ ಮೇಲೆ ಬಾಂಬು ಬೀಳುತ್ತದೆ. ಸೈನ್ಯದ ಜೀಪು ನುಗ್ಗಿ ಬರುತ್ತದೆ. ಬಾಂಬಿನ ಉಸ್ತಾದ್ ಒಂದು ಮಣ್ಣಿನ ದಿಬ್ಬದ ಆಚೆ ಗುಂಡಿ ಒತ್ತಲು ಕುಳಿತಿದ್ದ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಕೂಗು ಕೇಳಿಸಬೇಕು, ಒತ್ತಬೇಕು. ಈ ನಿರ್ದೇಶಕರಿಗೆ ‘ಆಕ್ಷನ್’ ಎನ್ನುವುದು ಸೇರುತ್ತಿರಲಿಲ್ಲ. ದೇಶಭಕ್ತಿಯ ಕಥೆಯಲ್ಲಿ ಇಂಗ್ಲಿಷ್ ಯಾಕೆ ಎಂದು ಎಲ್ಲದಕ್ಕೂ “ಚಲೋ!” ಎಂದೇ ಕೂಗುತ್ತಿದ್ದರು. ಚಲೋ ಎಂದರೆ ಬಾಂಬು, ಚಲೋ ಎಂದರೆ ಜೀಪು. ಇದನ್ನೆಲ್ಲ ನನ್ನ ಎದುರಿಗೇ ವಿವರಿಸಿದರು. ನಾನು ತಲೆಯಾಡಿಸಿ, ಎಲ್ಲರಿಗಿಂತ ಹೆಚ್ಚು ಅರ್ಥವಾದ ಮುಖ ಮಾಡಿದ್ದೆ.

ಕೊನೆಯ ತಾಲೀಮು ಶುರುವಾಯಿತು. ಬಾಂಬು, ಜೀಪು ಸಜ್ಜಾಗಿದ್ದವು, ಆದರೆ ತಾಲೀಮಿನಲ್ಲಿ ಅವಕ್ಕೆ ಕೆಲಸವಿರಲಿಲ್ಲ. ಕ್ಯಾಮೆರಾದ ಮೂತಿಗೆ ಮುಚ್ಚಳ ಹಾಕಿತ್ತು. ನಾನು ಬಾವಿಯ ಕಟ್ಟೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸಾಲು ಸಾಲಾಗಿ ಹೇಳಿಕೊಡತೊಡಗಿದೆ. ಎರಡು ಸಾಲು ಆಗುವಷ್ಟರಲ್ಲಿ ಆಕೆಗೆ ನನ್ನ ಅಗತ್ಯವೇ ಉಳಿಯಲಿಲ್ಲ. ದನಿ ಎಲ್ಲಿಂದಲೋ ಬಂತು. ಆ ಪತ್ರ ಬರುವುದಿಲ್ಲ ಎಂದು ಗೊತ್ತಿದ್ದೂ ಕಾಯುವವಳ ದನಿ ಅದು. ಆಕೆಯ ಕಣ್ಣಿಂದ ನೀರು ಇಳಿಯಿತು. ನಾನು ಒಂದು ಮೊಳ ದೂರದಲ್ಲಿದ್ದೆ. ಗ್ಲಿಸರಿನ್ ಅಲ್ಲ! ಸುಮಿತ್ರಾ ಹೇಳಿದ್ದು ಖರೆ ಇತ್ತು. ಆದರೆ ಅದನ್ನು ಅವಳಿಗೆ ಹೇಳುವಂತಿರಲಿಲ್ಲ. ಕೊನೆಯ ಸಾಲು ಮುಗಿಯಿತು. ನಾನು ಎದ್ದು ನಿಂತು ಎದೆ ತುಂಬಿ ಕೂಗಿದೆ.

“ಚಲೋ! ಭಾಳ ಚಲೋ!”

ಬೇರೆ ಕಡೆಯವರಿಗೆ ತಿಳಿಯಲೆಂದು ಹೇಳುತ್ತೇನೆ. ನಮ್ಮಲ್ಲಿ ಚಲೋ ಎಂದರೆ ಚೆನ್ನಾಗಿದೆ ಎಂದರ್ಥ. ಊಟ ಚಲೋ, ಸೊಸೆ ಚಲೋ, ಆರಾಮ ಇದ್ದರೆ ಎಲ್ಲ ಚಲೋ. ಒಬ್ಬ ವಿಜಯಪುರದವನು ಮೆಚ್ಚಿಕೊಂಡಾಗ ಬಾಯಿಂದ ಬರುವ ಶಬ್ದ ಅದೊಂದೇ. ಇದನ್ನು ದಿಬ್ಬದ ಆಚೆಗಿದ್ದ ಉಸ್ತಾದನಿಗೆ ಯಾರೂ ಹೇಳಿರಲಿಲ್ಲ.

ಢಂ!

ಮೊದಲ ಚಲೋಗೆ ಒಂದು ಗುಡಿಸಲು ಹೋಯಿತು. ‘ಭಾಳ ಚಲೋ’ಗೆ ಉಳಿದ ಎರಡೂ ಹೋದವು. ಮದ್ದಿನ ಕಾರ್ಖಾನೆಯ ನೆರಳಿನಲ್ಲಿ ವರ್ಷಗಟ್ಟಲೆ ಬದುಕಿದ ನನ್ನ ಕೈಗಳು ತಾವಾಗಿ ಕಿವಿ ಮುಚ್ಚಿಕೊಂಡಿದ್ದವು. ಹೊಗೆಯೊಳಗಿಂದ ಶಿಂದೆ ಭಾವೂ ಓಡಿಸುತ್ತಿದ್ದ ಜೀಪು ಆರು ಜನ ಸೈನಿಕರ ಸಮೇತ ಘರ್ಜಿಸುತ್ತ ಬಂತು. ದಾರಿ ಕಾಣದೆ ನನ್ನನ್ನೂ ದಾಟಿ, ಬಾವಿಯನ್ನೂ ದಾಟಿ, ನೇರವಾಗಿ ಮುಳಾ ನದಿಯ ಕೆಸರಿನಲ್ಲಿ ಇಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಕ್ಯಾಮೆರಾದ ಮುಚ್ಚಳಕ್ಕೂ ಏನೂ ಆಗಲಿಲ್ಲ. ಅದು ಭದ್ರವಾಗಿ ಮೂತಿಯ ಮೇಲೇ ಇತ್ತು.

ಹೊಗೆ ತಿಳಿಯಾದ ಮೇಲೆ ನಿರ್ದೇಶಕರ ದನಿ ಕೇಳಿಸಿತು. “ಚಲೋ ಕಿಸ್‌ನೇ ಬೋಲಾ?”

ನಲವತ್ತು ಬೆರಳುಗಳು ನನ್ನ ಕಡೆ ತಿರುಗಿದವು. ನಾನು ಭಾಷಾಶಾಸ್ತ್ರದ ನೆಲೆಯಿಂದ ವಿವರಿಸಲು ಹೋದೆ. “ಸಾಬ್, ಹಮಾರೇ ತರಫ್ ಚಲೋ ಮಾನೇ ಅಚ್ಛಾ.”

ಅವರು ಉರಿಯುತ್ತಿದ್ದ ಮೂರು ಗುಡಿಸಲುಗಳ ಕಡೆ ಕೈ ತೋರಿಸಿದರು. “ಇಸ್ ಮೇ ಅಚ್ಛಾ ಕ್ಯಾ ಹೈ?”

ಇದರಲ್ಲಿ ಚಲೋ ಏನಿದೆ ಎಂದು!

ಹಳ್ಳಿ ಮತ್ತೆ ಕಟ್ಟಲು ವಾರ ಬೇಕು. ಮೇಡಂ ಸಂಜೆಗೆ ಹಿಂದಿರುಗುವವರು. ನಿರ್ದೇಶಕರು, ಬರಹಗಾರರು ಒಂದು ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಕುಳಿತು, ಆ ತಾಯಿ ಯುದ್ಧ ಶುರುವಾಗುವುದಕ್ಕೆ ಮುಂಚೆಯೇ ತೀರಿಹೋಗಿದ್ದಳು ಎಂದು ತೀರ್ಮಾನಿಸಿದರು. ಮೇಡಂ ಅವರನ್ನು ಬಿಳಿ ಬಟ್ಟೆಯ ಮುಂದೆ ಕೂರಿಸಿ ಒಂದು ಫೋಟೋ ತೆಗೆದರು. ಆಕೆ ಎಲ್ಲಿ ಕೈ ತೋರಿಸಿದರೆ ಅಲ್ಲಿ ಕೂತರು, ನಗು ಎಂದು ಸನ್ನೆ ಮಾಡಿದರೆ ನಕ್ಕರು. ತಿಂಗಳುಗಳ ನಂತರ ಆ ಕಂತು ಬಂದಾಗ ನಮ್ಮ ವಠಾರದವರೆಲ್ಲ ಶಿಂದೆಯವರ ಮನೆಯಲ್ಲಿ ಕೂಡಿದ್ದರು. “ಪಣ ತ್ಯಾ ಕುಠೇ ಆಹೇತ?” ಎಂದು ವಹಿನಿ ಕೇಳುತ್ತಲೇ ಇದ್ದರು. ಆಕೆ ಎಲ್ಲಿ, ಆಕೆ ಎಲ್ಲಿ? ನಾಯಕ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಹಿಂದಿನ ಗೋಡೆಯ ಮೇಲೆ, ಗಂಧದ ಹಾರ ಹಾಕಿಸಿಕೊಂಡು, ನಾಲ್ಕು ಸೆಕೆಂಡು ಆಕೆ ಇದ್ದರು. ಹದಿನಾಲ್ಕು ವರ್ಷ ಕಾದ ನಟಿಗೆ ನಾನು ಕೊಡಿಸಿದ ಪಾತ್ರ ಅದು.

ಹಳ್ಳಿ ಸುಟ್ಟ ಆ ಮಧ್ಯಾಹ್ನ ಆಕೆ ಹೊರಡಬೇಕಾಗಿದ್ದ ಕಾರನ್ನು ಕೆಸರಿನ ಜೀಪು ಎಳೆಯಲು ಒಯ್ದಿದ್ದರು. ಆದ್ದರಿಂದ ಆಕೆ ಜಾಲಿ ಮರದ ಕೆಳಗೆ ಒಬ್ಬರೇ ಕಾಯುತ್ತ ಕುಳಿತಿದ್ದರು. ಯಾರೂ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಹತ್ತಿರವಂತೂ ಯಾರೂ ಬರುತ್ತಿರಲಿಲ್ಲ. ಕ್ಷಮೆ ಕೇಳಲೇಬೇಕೆಂದು ಕಾಲೆಳೆಯುತ್ತ ಹೋಗಿ ನಿಂತೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ, “ಕೂತ್ಕೊಳ್ಳಿ,” ಎಂದರು.

ಬರೀ ತಪ್ಪಾಯಿತು ಎಂದರೆ ಬೋಳಾಗಿ ಕೇಳಿಸುತ್ತದೆ, ಯಾಕೆ ಹಾಗೆ ಕೂಗಿದೆ ಎಂಬುದಕ್ಕೆ ಸಣ್ಣದೊಂದು ಪೀಠಿಕೆ ಇರಲಿ ಎನ್ನಿಸಿತು. “ಮೇಡಂ, ನನ್ನ ಹೇಣ್ತಿ ನಿಮ್ಮನ್ನ ನಮ್ಮಾಕಿ ಅಂತಿದ್ದಳರಿ,” ಎಂದು ಶುರು ಮಾಡಿದೆ.

ಆಕೆ ನನ್ನ ಮುಖವನ್ನೇ ನೋಡುತ್ತ, “ಹೌದಾ,” ಎಂದರು.

ಆ ಒಂದು ‘ಹೌದಾ’ ಸಾಕಾಯಿತು. ಎರಡು ವರ್ಷದ ಕಟ್ಟೆ ಒಡೆಯಿತು. ವಿಜಯಪುರದ ಟಾಕೀಸು ಹೇಳಿದೆ. ರೊಟ್ಟಿ ಬಡಿಯುತ್ತ ಅವಳು ಹೇಳುತ್ತಿದ್ದ ಕಥೆಗಳನ್ನು ಹೇಳಿದೆ. ಜ್ವರ ಹೇಳಿದೆ, ಆಸ್ಪತ್ರೆಯ ವರಾಂಡ ಹೇಳಿದೆ. ಕೊನೆಗೆ ಅವಳಿಗೆ ನೀರು ಕುಡಿಸಿದ್ದು ನಾನಲ್ಲ, ಪಕ್ಕದ ಮಂಚದ ಹೆಂಗಸು, ನಾನು ಆಗ ಔಷಧಿಯ ಸಾಲಿನಲ್ಲಿ ನಿಂತಿದ್ದೆ ಎಂದು ಹೇಳಿದೆ. ಅದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮರಾಠಿಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಕೆ ನನ್ನ ಕೈ ಮೇಲೆ ಕೈಯಿಟ್ಟು, “ಹೌದಾ, ಹೌದಾ,” ಎನ್ನುತ್ತಿದ್ದರು. ನಡುವೆ ನಾನು, “ಚಾ ತರ್ಲೇನ್ರಿ?” ಎಂದಾಗ ಆಕೆ ನಿಟ್ಟುಸಿರು ಬಿಟ್ಟು, “ಎಲ್ಲಾ ಸರಿಹೋಗುತ್ತೆ ಬಿಡಿ,” ಎಂದರು. ಎಂಥ ದೊಡ್ಡ ಮನಸ್ಸು, ಚಹದ ಪ್ರಶ್ನೆಗೂ ವೇದಾಂತದ ಉತ್ತರ ಎಂದು ನಾನು ಬೆರಗಾದೆ. ಎರಡು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಸುಮಿತ್ರಾ ಹೋದ ಮೇಲೆ ನನ್ನ ಎದೆ ಅಷ್ಟು ಹಗುರಾದದ್ದು ಅದೇ ಮೊದಲು.

ಪೀಠಿಕೆ ಮುಗಿಯುವಷ್ಟರಲ್ಲಿ ಕೆಸರು ಮೆತ್ತಿದ ಕಾರು ಬಂತು. ಆಕೆ ಒಳಗೆ ಕುಳಿತು, ಕಿಟಕಿಯ ಗಾಜು ಇಳಿಸಿದರು. ನಾನು ಕಿಟಕಿಯ ಪಕ್ಕದಲ್ಲೇ ನಿಂತಿದ್ದರೂ ಇಡೀ ಬಯಲಿಗೆ ಕೇಳಿಸುವ ಹಾಗೆ ಕೂಗಿ ಹೇಳಿದರು.

“ಏನೂ ಅಂದ್ಕೋಬೇಡಿ! ಟೇಕ್ ಆಗಿದ್ರೆ ಕಿವಿಗೆ ಹತ್ತಿ ಇಟ್ಕೋತಿದ್ದೆ, ರಿಹರ್ಸಲ್ ಅಲ್ವಾ ಅಂತ ಬಿಟ್ಟಿದ್ದೆ! ಆಗಿನಿಂದ ಬರೀ ಗುಂಯ್ ಅಂತಿದೆ, ನೀವು ಹೇಳಿದ್ದು ಒಂದು ಮಾತೂ ಕೇಳಿಸಲಿಲ್ಲ! ಆದ್ರೆ ಎರಡು ಗಂಟೆ ಹೊತ್ತು, ಅದೂ ಕಣ್ಣೀರಿಟ್ಟು ಕ್ಷಮೆ ಕೇಳಿದವರನ್ನ ನಾನು ನೋಡೇ ಇಲ್ಲ! ಕ್ಷಮಿಸಿದ್ದೀನಿ! ನಿಶ್ಚಿಂತೆಯಿಂದ ಇರಿ!”

ಕಾರು ಹೊರಟಿತು. ನಾನು ಅದರ ಪಕ್ಕದಲ್ಲಿ ಓಡುತ್ತ, ಗಂಟಲು ಹರಿಯುವ ಹಾಗೆ ಕೂಗಿದೆ. “ಅದಲ್ರೀ ಮೇಡಂ! ನಾ ಹೇಳಿದ್ದು ನಮ್ಮ ಸುಮಿತ್ರಾಂದು! ಸುಮಿತ್ರಾ ಅಂತ ಇದ್ದಳರಿ!”

ಆಕೆ ತುಂಬಿದ ಕಣ್ಣಿನಿಂದ ನನ್ನ ಕಡೆ ಕೈ ಬೀಸಿದರು. “ಸಾಕು, ಸಾಕು! ಇನ್ನೆಷ್ಟು ಸಲ ಕೇಳ್ತೀರಿ!”

ಹೀಗೆ, ಊರು ಸುಟ್ಟದ್ದಕ್ಕೆ ನಾನು ಒಮ್ಮೆಯೂ ಕೇಳದ ಕ್ಷಮೆ ನನಗೆ ಎರಡು ಸಲ ಸಿಕ್ಕಿತು.